ಹೊಸದುರ್ಗದ ಹಳ್ಳಕ್ಕೆ ಮಣ್ಣಿನ ಏರಿ ಕಟ್ಟಬಹುದೇ? ಭಾವಮೈದುನರಿಗೆ ಏನು ಹೇಳಲಿ?

ಕಡಿಯಾಳಿ_ಭಾವ · ಭಾನುವಾರ, ಬೆಳಿಗ್ಗೆ 7.40
ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಕೃಷಿಕನಲ್ಲ. ಮೂವತ್ತು ವರ್ಷ ಬ್ಯಾಂಕಿನ ಲೆಕ್ಕ ಬರೆದು, ಈಗ ಉಡುಪಿಯಲ್ಲಿ ನಾಲ್ಕು ತೆಂಗಿನ ಮರ ಮತ್ತು ಒಂದು ಬಾವಿ ನೋಡಿಕೊಂಡು ಕುಳಿತವನು.

ನನ್ನ ಹೆಂಡತಿಯ ತವರು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕು. ಅಲ್ಲಿ ಅವರ ಮನೆಯವರಿಗೆ 12 ಎಕರೆ ಖುಷ್ಕಿ ಜಮೀನಿದೆ. ಏಳು ಕೊಳವೆಬಾವಿ ಕೊರೆಸಿದ್ದಾರೆ, ನೀರು ಬರುತ್ತಿರುವುದು ಒಂದರಲ್ಲಿ, ಅದೂ ದಿನಕ್ಕೆ ಎರಡು ಗಂಟೆ. ಜಮೀನಿನ ಮೇಲ್ತುದಿಯಲ್ಲಿ ಎರಡು ಗುಡ್ಡಗಳ ನಡುವೆ ಒಂದು ಹಳ್ಳ ಇದೆ. ಮಳೆ ಬಂದ ದಿನ ಕೆಂಪಗೆ ಅಬ್ಬರಿಸಿ ಹರಿಯುತ್ತದೆ, ಮೂರನೆಯ ದಿನ ಅಲ್ಲಿ ಹಳ್ಳ ಇತ್ತು ಎಂಬುದೇ ಗೊತ್ತಾಗುವುದಿಲ್ಲ. ನನ್ನ ಇಬ್ಬರು ಭಾವಮೈದುನರಿಗೆ ಈಗ ಅಲ್ಲೊಂದು ಮಣ್ಣಿನ ಏರಿ ಹಾಕಿ ಸ್ವಂತ ಕೆರೆ ಮಾಡಿಕೊಳ್ಳುವ ಹುಮ್ಮಸ್ಸು. 60 ಮೀಟರ್ ಉದ್ದ, ನಡುವೆ 5 ಮೀಟರ್ ಎತ್ತರ. ಆ ನೀರಿನಲ್ಲಿ ಐದು ಎಕರೆ ಅಡಿಕೆ ಇಡುವ ಯೋಜನೆ. ಗುತ್ತಿಗೆದಾರನೊಬ್ಬ ಜೆಸಿಬಿಯಲ್ಲಿ ನಾಲ್ಕು ದಿನದ ಕೆಲಸ, ಆರು ಲಕ್ಷ ಸಾಕು ಎಂದಿದ್ದಾನೆ. ಹೆಚ್ಚಾದ ನೀರು ಹೋಗಲು ಎರಡು ಸಿಮೆಂಟ್ ಪೈಪ್ ಇಡುತ್ತಾನಂತೆ. ಆ ಆರರಲ್ಲಿ ಮೂರು ಲಕ್ಷ ನಾನು ಕೊಡಬೇಕು.

ಹಳ್ಳಕ್ಕೆ ನೀರು ಬರುವ ಜಾಗ ಸುಮಾರು 80 ಎಕರೆ ಎಂದು ಅಳತೆ ಮಾಡಿದವರು ಹೇಳಿದ್ದಾರೆ. ಇದು ಆಗುವ ಮಾತೇ? ತಿಳಿದವರು ದಯವಿಟ್ಟು ಹೇಳಿ.

ಮಲ್ಪೆ_ಗಾಳಿ · 7.52
ಮೂರು ಲಕ್ಷ ಕೊಟ್ಟರೆ ಹಣ ಹೋಗುತ್ತದೆ, ಕೊಡದಿದ್ದರೆ ಮನೆಯ ಊಟ ಹೋಗುತ್ತದೆ. ಯೋಚಿಸಿ ಉತ್ತರಿಸಿ ಮಾರಾಯರೇ.

ತೋಡಿನ_ಬದಿ · 8.15
ಇದರಲ್ಲಿ ಇಷ್ಟು ತಲೆಕೆಡಿಸಿಕೊಳ್ಳುವುದೇನಿದೆ? ನಮ್ಮ ವಿಟ್ಲದ ಕಡೆ ಮಳೆಗಾಲ ಮುಗಿದು ತೋಡಿನ ಹರಿವು ಇಳಿದ ಮೇಲೆ ಪ್ರತಿವರ್ಷ ಕಟ್ಟ ಹಾಕುತ್ತಿದ್ದೆವು. ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪು. ಹತ್ತು ಜನ ಸೇರಿದರೆ ಮೂರು ದಿನದ ಕೆಲಸ, ಒಂದು ಗಂಜಿ ಊಟ. ಏಪ್ರಿಲ್ ತನಕ ತೋಟಕ್ಕೆ ನೀರು. ಎಂಜಿನಿಯರ್ ಬಂದದ್ದನ್ನು ನಾನು ಕಂಡಿಲ್ಲ.

ನಿವೃತ್ತ_ಓವರ್‌ಸಿಯರ್ · 8.47
ತೋಡಿನ ಬದಿಯವರೇ, ಸಿಟ್ಟಾಗಬೇಡಿ. ನಿಮ್ಮ ಕಟ್ಟಕ್ಕೂ ಅವರು ಕೇಳುತ್ತಿರುವ ಏರಿಗೂ ಹೆಸರಿನಲ್ಲಿ ಬಿಟ್ಟರೆ ಬೇರೆ ಸಂಬಂಧವಿಲ್ಲ. ನೀವು ಕಟ್ಟ ಹಾಕುವುದು ಮಳೆ ನಿಂತ ಮೇಲೆ, ಸದಾ ಹರಿಯುವ ತೋಡಿಗೆ. ಮುಂದಿನ ಜೂನ್‌ನಲ್ಲಿ ಅದು ಕೊಚ್ಚಿಹೋಗಬೇಕು, ಹೋಗಲೆಂದೇ ಕಟ್ಟುವುದು. ಬಯಲುಸೀಮೆಯ ಏರಿ ವರ್ಷದ ಮೊದಲ ಪ್ರವಾಹವನ್ನೇ ಎದೆಗೊಟ್ಟು ನಿಲ್ಲಬೇಕು. ಅಲ್ಲಿ ಹರಿವು ಎಂದರೆ ವರ್ಷಕ್ಕೆ ಆರೋ ಏಳೋ ದೊಡ್ಡ ಮಳೆ, ಅಷ್ಟೇ. ಆ ಏಳು ದಿನ ಏರಿ ತಡೆದರೆ ಕೆರೆ, ಇಲ್ಲವಾದರೆ ಕೆಳಗಿನ ಹೊಲದ ತುಂಬ ಮರಳು.

ಚಿತ್ರದುರ್ಗ, ತುಮಕೂರು ಕಡೆ ಬಹಳ ವರ್ಷ ಕೆಲಸ ಮಾಡಿ ಈಗ ಕುಂದಾಪುರದಲ್ಲಿದ್ದೇನೆ. ಮಧ್ಯಾಹ್ನ ಊಟ ಮುಗಿಸಿ ಲೆಕ್ಕ ಹಾಕಿ ಬರೆಯುತ್ತೇನೆ. ಭಾವನವರೇ, ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ.

ಅಡಿಕೆಮರ · 9.05
ಅಡಿಕೆಯೇ? ಅಲ್ಲಿಯೂ ಅಡಿಕೆಯೇ? ಇಲ್ಲಿ ಸುಳ್ಯದಲ್ಲಿ ಹಳದಿ ಎಲೆ ರೋಗ, ಮಲೆನಾಡಿನಲ್ಲಿ ಎಲೆಚುಕ್ಕಿ, ಆದರೂ ರಾಗಿ ಬೆಳೆಯುವವನಿಗೂ ಅಡಿಕೆಯೇ ಬೇಕು. ಬೆಲೆ ಬಿದ್ದ ದಿನ ಎಲ್ಲರೂ ಒಟ್ಟಿಗೆ ಕುಳಿತು ಜಗಿಯೋಣ.

ಹಿರಿಯೂರು_ಹುಡುಗಿ · 9.20
ಮಣಿಪಾಲದಲ್ಲಿ ಓದುತ್ತಿದ್ದೇನೆ, ಊರು ಹಿರಿಯೂರು. ಕಡಿಯಾಳಿ ಭಾವನವರೇ, ಹೊಸದುರ್ಗದ ಹಳ್ಳಗಳ ನೀರು ಬಹುಪಾಲು ವೇದಾವತಿ ಸೇರಿ ನಮ್ಮ ಮಾರಿಕಣಿವೆಗೆ, ಅಂದರೆ ವಾಣಿ ವಿಲಾಸ ಸಾಗರಕ್ಕೆ ಬರುತ್ತದೆ. ಆ ಜಲಾಶಯ 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು, ಅಂದರೆ ತುಂಬಿ ಹೊರಹರಿದದ್ದು, 2022ರ ಸೆಪ್ಟೆಂಬರಿನಲ್ಲಿ. 89 ವರ್ಷ! ನನ್ನ ಅಜ್ಜಿ ಕೋಡಿ ನೋಡಬೇಕೆಂದು ಬದುಕೆಲ್ಲ ಕಾದು, ನೋಡದೆಯೇ ಹೋದರು. ಮೇಲಿನವರು ಒಬ್ಬೊಬ್ಬರೂ "ನನ್ನದು ಸಣ್ಣ ಹಳ್ಳ" ಎಂದು ಒಂದೊಂದು ಒಡ್ಡು ಹಾಕಿದರೆ ಕೆಳಗಿನವರು ಏನು ಮಾಡಬೇಕು?

ಮಲ್ಪೆ_ಗಾಳಿ · 9.26
ಅದೂ ಮಣ್ಣಿನ ಅಣೆಕಟ್ಟಲ್ಲವೇ?

ಹಿರಿಯೂರು_ಹುಡುಗಿ · 9.31
ಅಲ್ಲ, ಕಲ್ಲುಗಾರೆಯದು. ಮೈಸೂರು ಅರಸರ ಕಾಲದಲ್ಲಿ 1907ರ ಹೊತ್ತಿಗೆ ಮುಗಿದದ್ದು.

ಚಿನ್ನದ_ನಾಡಿನವ · 10.02
2022ರಲ್ಲಿ ತುಂಬಿದ್ದಕ್ಕೆ ಮಳೆಯೊಂದೇ ಕಾರಣವಲ್ಲ ತಂಗಿ, ಅದಕ್ಕೂ ಮೊದಲಿನಿಂದ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಹಾಯಿಸುತ್ತಿದ್ದರು. ಆದರೆ ನೀವು ಹೇಳಿದ ಮಾತು ನಿಜ. ನಾನು ಕೋಲಾರದವನು, ಹೊಟ್ಟೆಪಾಡಿಗೆ ಸುರತ್ಕಲ್‌ನಲ್ಲಿದ್ದೇನೆ. ನಮ್ಮಲ್ಲಿ ಒಂದು ಕೆರೆಯ ಕೋಡಿ ನೀರೇ ಮುಂದಿನ ಕೆರೆಯ ಒಳಹರಿವು, ಅದರ ಕೋಡಿ ಇನ್ನೊಂದಕ್ಕೆ. ಸರಮಾಲೆಯ ಹಾಗೆ. ನಡುವಿನ ಒಂದು ಮಣಿ ಕಿತ್ತರೆ ಎಲ್ಲ ಉದುರುತ್ತವೆ.

ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲೇ ಬರೆದಿದ್ದಾನೆ: ಈ ಸೀಮೆಯಲ್ಲಿ ಹೊಸ ಕೆರೆಗೆ ತಕ್ಕ ಜಾಗ ಹುಡುಕಬೇಕಾದರೆ ಒಳ್ಳೆಯ ಜಾಣತನವೇ ಬೇಕು, ಇರುವ ಜಾಗಗಳನ್ನೆಲ್ಲ ಹಿಂದಿನವರು ಬಳಸಿಯಾಗಿದೆ ಎಂದು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಬಂದದ್ದು ಅವನಿಂದಲೇ. ಆಗಲೇ ಜಾಗವಿರಲಿಲ್ಲವೆಂದರೆ ಈಗ ನಿಮ್ಮ ಭಾವಮೈದುನರಿಗೆ ಸಿಕ್ಕಿದ್ದು ಹೇಗೆ? ನನ್ನ ಊಹೆ ಹೇಳಲೇ? ನಿಮ್ಮ ಹಳ್ಳ ಹಿಡಿದುಕೊಂಡು ಒಂದೆರಡು ಕಿಲೋಮೀಟರ್ ಕೆಳಗೆ ನಡೆಯಿರಿ. ಅಲ್ಲೊಂದು ಹಳೆಯ ಕೆರೆ ಇದ್ದೇ ಇರುತ್ತದೆ. ನೀವು ಮೇಲೆ ತಡೆಯುವುದು ಆ ಕೆರೆಯ ಬಾಯಿಗೆ ಬರುವ ತುತ್ತನ್ನು.

ಕಡಿಯಾಳಿ_ಭಾವ · 10.18
ಯಾರ ತುತ್ತನ್ನೂ ಕಿತ್ತುಕೊಳ್ಳುವ ಮನೆಯಲ್ಲ ಅದು. ಏಳು ಕೊಳವೆಬಾವಿಗೆ ಸಾಲ ಮಾಡಿ ನೊಂದವರು. ತಮ್ಮ ಜಮೀನಿನ ಮೇಲೆ ಬಿದ್ದ ಮಳೆಯನ್ನು ತಾವು ಹಿಡಿದುಕೊಂಡರೆ ಅದೂ ಕಳ್ಳತನವಾಗುತ್ತದೆಯೇ? ಉಡುಪಿಯಲ್ಲಿ ಕುಳಿತು ನ್ಯಾಯ ಹೇಳುವುದು ಸುಲಭ, ನಾನೂ ಅದನ್ನೇ ಮಾಡುತ್ತಿದ್ದೆ.

ಪಹಣಿ_ಪಂಡಿತ · 10.40
ಭಾವನವರೇ, ಮಳೆ ಅವರ ಜಮೀನಿನ ಮೇಲೆ ಬಿದ್ದಿಲ್ಲ, 80 ಎಕರೆಯ ಮೇಲೆ ಬಿದ್ದಿದೆ. ಜಮೀನಿರುವುದು 12. ಉಳಿದದ್ದು ಯಾರದು?

ಇನ್ನೊಂದು ಮಾತು. ಪಹಣಿಯಲ್ಲಿ ಖರಾಬು ಎಂಬ ಕಲಮು ನೋಡಿ. ಹಳ್ಳ, ದಾರಿ, ಕೆರೆಯಂಥವು ಸಾಮಾನ್ಯವಾಗಿ "ಬಿ" ಖರಾಬು ಆಗಿರುತ್ತವೆ, ಅಂದರೆ ಸಾರ್ವಜನಿಕರಿಗೆ ಮೀಸಲು. ಸುತ್ತ ನಿಮ್ಮದೇ ಜಮೀನಿದ್ದರೂ ಹಳ್ಳ ನಿಮ್ಮದಲ್ಲ. ಅಡ್ಡ ಏರಿ ಹಾಕಿದ ಮೇಲೆ ಕೆಳಗಿನ ಹೊಲದವನೊಬ್ಬ ತಹಶೀಲ್ದಾರರಿಗೆ ಅರ್ಜಿ ಕೊಟ್ಟರೆ ಅದೇ ಜೆಸಿಬಿ ತೆಗೆಯಲು ಬರುತ್ತದೆ. ಹಣ ಕೊಡುವ ಮುನ್ನ ಸರ್ವೆ ನಕ್ಷೆ ತರಿಸಿ.

ಮೂಡುಬಿದಿರೆ_ಮಾಸ್ತರ್ · 11.10
ಕೆರೆ ಕಟ್ಟುವ ವಿಷಯದಲ್ಲಿ ಪೋರುಮಾಮಿಳ್ಳದ ಶಾಸನಕ್ಕಿಂತ ಒಳ್ಳೆಯ ಸಲಹೆಗಾರನಿಲ್ಲ. ಈಗಿನ ಕಡಪ ಜಿಲ್ಲೆಯಲ್ಲಿದೆ, ಕಾಲ 1369. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಎಂದು ಲೆಕ್ಕವನ್ನೂ ಕೊಟ್ಟಿದ್ದಾರೆ. (ನಾಲ್ಕು ದಿನದ ಗುತ್ತಿಗೆದಾರರು ಗಮನಿಸಬೇಕು.)

ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕು ಎನ್ನುತ್ತದೆ ಶಾಸನ: ಗಟ್ಟಿ ನೆಲ, ಎರಡು ಗುಡ್ಡದ ನಡುವೆ ಹೆಚ್ಚು ಉದ್ದವಿಲ್ಲದ ಭದ್ರ ಕಟ್ಟೆ, ಅಗಲವೂ ಆಳವೂ ಆದ ಅಂಗಳ, ಹತ್ತಿರದಲ್ಲೇ ಕಲ್ಲಿನ ಗಣಿ, ಕೆಲಸ ಬಲ್ಲ ಜನ, ಹೀಗೆ. ಆರು ದೋಷಗಳೂ ಇವೆ. ಕಟ್ಟೆಯಿಂದ ನೀರು ಜಿನುಗುವುದು, ಸವಳು ಮಣ್ಣು, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಿಮೆ ಇದ್ದು ಉಣಿಸಬೇಕಾದ ಭೂಮಿ ಹೆಚ್ಚಿರುವುದು, ಭೂಮಿ ಕಡಿಮೆ ಇದ್ದು ನೀರು ಹೆಚ್ಚಿರುವುದು. ಆರನೆಯದು ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು!

ಚಿನ್ನದ_ನಾಡಿನವ · 11.22
ಆ ಆರನೆಯ ದೋಷ ಕೋಲಾರದವರಿಗೆ ಜಾತಕದಲ್ಲೇ ಬಂದಿದೆ. ಪಾಲಾರ್, ಪೆನ್ನಾರ್ ಎಲ್ಲ ನಮ್ಮಲ್ಲಿ ಹುಟ್ಟಿ ಆಚೆ ಹೋಗುವ ಹೊಳೆಗಳು. 1892ರ ಮೈಸೂರು–ಮದ್ರಾಸ್ ಒಪ್ಪಂದದಲ್ಲಿ, ಪಟ್ಟಿ ಮಾಡಿದ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಹೊಸ ಜಲಾಶಯ ಕಟ್ಟುವ ಹಾಗಿರಲಿಲ್ಲ.

ಬಿಜೈ_ಅಕ್ಕ · 11.30
ಸೂಳೆಕೆರೆಯೂ ಈ ಜಾತಿಯದ್ದೇ ಅಲ್ಲವೇ? ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು.

ಮೂಡುಬಿದಿರೆ_ಮಾಸ್ತರ್ · 11.41
ಹೌದು ಅಕ್ಕ, ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ. ಎರಡು ಗುಡ್ಡದ ನಡುವಿನ ಸಂದಿಗೆ ಏರಿ ಹಾಕಿ ಆರು ಸಾವಿರಕ್ಕೂ ಹೆಚ್ಚು ಎಕರೆ ನೀರು ನಿಲ್ಲಿಸಿದ್ದಾರೆ. ಜಾಗ ಆರಿಸುವುದೆಂದರೆ ಅದು. ಏಷ್ಯಾದಲ್ಲಿ ಎರಡನೆಯದು ಎಂದು ಯಾರು ಎಣಿಸಿದರೋ ನಾನು ಕಾಣೆ. ನಾನೂ ಮೂವತ್ತು ವರ್ಷ ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟವನು, ತಪ್ಪೊಪ್ಪಿಗೆ ಎಂದು ತಿಳಿಯಿರಿ.

ನಿವೃತ್ತ_ಓವರ್‌ಸಿಯರ್ · ಮಧ್ಯಾಹ್ನ 2.35
ಲೆಕ್ಕ ತಂದಿದ್ದೇನೆ. ಬ್ಯಾಂಕಿನವರಿಗೆ ಲೆಕ್ಕದ ಭಾಷೆಯೇ ಅರ್ಥವಾಗುತ್ತದೆ ಎಂದುಕೊಂಡು ಹಾಗೆಯೇ ಬರೆಯುತ್ತೇನೆ.

ಜಮೆ. 80 ಎಕರೆ ಎಂದರೆ 32 ಹೆಕ್ಟೇರ್. ಅಲ್ಲಿನ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಹಳ್ಳಕ್ಕೆ ಇಳಿಯುವುದು ಹತ್ತನೆಯ ಒಂದು ಭಾಗ ಎಂದು ಉದಾರವಾಗಿಯೇ ಹಿಡಿಯೋಣ, ಉಳಿದದ್ದನ್ನು ಒಣ ನೆಲ ಕುಡಿಯುತ್ತದೆ. ಸುಮಾರು 19 ಸಾವಿರ ಘನಮೀಟರ್ ಆಯಿತು. 5 ಮೀಟರ್ ಏರಿಗೆ ಎರಡು ಎಕರೆ ನೀರು ಹರಡಿ, ಸರಾಸರಿ ಆಳ 2 ಮೀಟರ್ ಸಿಕ್ಕರೆ ಹಿಡಿಯುವುದು 16 ಸಾವಿರ. ಒಳ್ಳೆಯ ವರ್ಷ ಕೆರೆ ತುಂಬುತ್ತದೆ ಎಂದಾಯಿತು. ಇಲ್ಲಿಯವರೆಗೆ ಭಾವಮೈದುನರ ಮಾತು ಸರಿ.

ಖರ್ಚು. ನವೆಂಬರಿನಿಂದ ಮೇ ತನಕ ಬಿಸಿಲು ಮತ್ತು ಗಾಳಿಗೆ ದಿನಕ್ಕೆ ಐದಾರು ಮಿಲಿಮೀಟರ್ ಆವಿ. 200 ದಿನಕ್ಕೆ ಒಂದು ಮೀಟರಿಗಿಂತ ಹೆಚ್ಚು. ಎರಡು ಮೀಟರ್ ಸರಾಸರಿ ಆಳದ ಕೆರೆಯಲ್ಲಿ ಅರ್ಧ ನೀರನ್ನು ಸೂರ್ಯನೇ ಕುಡಿದ. ಜಿನುಗಿ ಹೋಗುವುದು, ತಳದಲ್ಲಿ ಎತ್ತಲಾಗದೆ ಉಳಿಯುವುದು ಕಳೆದರೆ ನಿಮ್ಮ ಕೈಗೆ ಐದು ಸಾವಿರ, ಹೆಚ್ಚೆಂದರೆ ಆರು ಸಾವಿರ ಘನಮೀಟರ್.

ಐದು ಎಕರೆ ಅಡಿಕೆ ಎಂದರೆ 2,700 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಹಿಡಿದರೂ 200 ದಿನಕ್ಕೆ 10 ಸಾವಿರ ಘನಮೀಟರ್ ದಾಟುತ್ತದೆ. ಒಳ್ಳೆಯ ವರ್ಷದಲ್ಲೇ ಅರ್ಧಕ್ಕರ್ಧ ಕೊರತೆ. ಬರದ ವರ್ಷ ಕೆರೆ ಖಾಲಿ. ರಾಗಿಯಾದರೆ ಒಂದು ವರ್ಷ ಬಿತ್ತದೆ ಬಿಡಬಹುದು, ಅಡಿಕೆ ಮರಕ್ಕೆ ಈ ವರ್ಷ ರಜೆ ಎಂದು ಹೇಳಲಾಗುವುದಿಲ್ಲ.

ಇನ್ನು ಆ ಎರಡು ಸಿಮೆಂಟ್ ಪೈಪಿನ ಮಾತು. ಓದಿದಾಗಲೇ ನನ್ನ ರಕ್ತದೊತ್ತಡ ಏರಿತ್ತು. ಕಲ್ಲುಗಾರೆಯ ಕಟ್ಟೆಯ ಮೇಲೆ ನೀರು ಹಾದರೆ ತಡೆದುಕೊಳ್ಳುತ್ತದೆ. ಮಣ್ಣಿನ ಏರಿಯ ತಲೆಯ ಮೇಲೆ ನೀರು ಹತ್ತಿತೆಂದರೆ ಒಂದೆರಡು ಗಂಟೆಯಲ್ಲಿ ಏರಿಯೇ ಇರುವುದಿಲ್ಲ. ಗಂಟೆಗೆ 90 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿದು ಅರ್ಧ ನೀರು ಹರಿದರೆ ಆ 32 ಹೆಕ್ಟೇರಿನಿಂದ ಸೆಕೆಂಡಿಗೆ 4 ಘನಮೀಟರ್ ಬರುತ್ತದೆ. ಅದನ್ನು ಸದ್ದಿಲ್ಲದೆ ಕಳಿಸಲು 10 ಮೀಟರ್ ಅಗಲದ ಕೋಡಿ ಬೇಕು. ಕೋಡಿ ಏರಿಯ ಮೇಲಲ್ಲ, ಪಕ್ಕದ ಗಟ್ಟಿ ನೆಲದಲ್ಲಿ. ಕೋಡಿಯ ಮಟ್ಟಕ್ಕಿಂತ ಏರಿಯ ತಲೆ ಒಂದು ಮೀಟರ್ ಎತ್ತರದಲ್ಲಿರಬೇಕು.

ನಾಲ್ಕು ದಿನವಂತೆ! ಒಳಬದಿಗೆ ಒಂದಕ್ಕೆ ಎರಡೂವರೆ, ಹೊರಬದಿಗೆ ಒಂದಕ್ಕೆ ಎರಡು ಇಳಿಜಾರು, ತಲೆಯ ಅಗಲ 3 ಮೀಟರ್ ಇಟ್ಟರೆ ಏರಿಯ ಬುಡವೇ 25 ಮೀಟರ್. ಒಂದೂವರೆ ಸಾವಿರ ಘನಮೀಟರಿಗೆ ಕಡಿಮೆಯಿಲ್ಲದ ಮಣ್ಣು. ಮೊದಲು ಹುಲ್ಲು, ಬೇರು, ಮೇಲ್ಮಣ್ಣು ಪೂರ್ತಿ ಕೆರೆದು ತೆಗೆಯಬೇಕು. ಆಮೇಲೆ ಏರಿಯ ಉದ್ದಕ್ಕೂ ನೀರು ಬಿಡದ ಪದರ ಸಿಗುವ ತನಕ ಕಂದಕ ತೋಡಿ ಜೇಡಿ ತುಂಬಿ ತುಳಿಸಬೇಕು. ನಂತರ ಮಣ್ಣನ್ನು ಒಂದು ಗೇಣಿಗಿಂತ ದಪ್ಪವಾಗದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ರೋಲರ್ ಓಡಿಸಬೇಕು. ಹದ ಎಂದರೆ ಮುಷ್ಟಿ ಕಟ್ಟಿದರೆ ಉಂಡೆಯಾಗಬೇಕು, ಕೈಗೆ ಮೆತ್ತಿಕೊಳ್ಳಬಾರದು. ಜೆಸಿಬಿ ರಾಶಿ ಹಾಕಿ ಬಕೆಟ್ಟಿನಿಂದ ತಟ್ಟಿದರೆ ಅದು ಏರಿಯಲ್ಲ, ಗುಡ್ಡೆ.

ತೋಡಿನ_ಬದಿ · 3.05
ಒಪ್ಪಿದೆ ಸ್ವಾಮಿ. ಬೆಳಿಗ್ಗೆ ಅವಸರದಲ್ಲಿ ಬರೆದೆ.

ಆದರೆ ಮದಕದ ಬಗ್ಗೆ ಏನು ಹೇಳುತ್ತೀರಿ? ನಮ್ಮ ಅಜ್ಜನ ಮನೆಯ ಮೇಲಿನ ಗುಡ್ಡದಲ್ಲಿ ಒಂದಿದೆ. ಮೂರು ಕಡೆ ಗುಡ್ಡದ ಇಳಿಜಾರು, ನಾಲ್ಕನೆಯ ಕಡೆ ಮಾತ್ರ ಮಣ್ಣಿನ ದಿಣ್ಣೆ. ಅದು ಮಳೆಗಾಲದ ನೀರನ್ನೇ ಹಿಡಿಯುತ್ತದೆ, ನನ್ನ ಅಜ್ಜನ ಕಾಲಕ್ಕೂ ಹಳೆಯದು, ಇನ್ನೂ ಒಡೆದಿಲ್ಲ. ವಿಶೇಷವೆಂದರೆ ಅದರಿಂದ ಯಾರೂ ನೀರು ತೆಗೆಯುವುದಿಲ್ಲ. ಡಿಸೆಂಬರಿನ ಹೊತ್ತಿಗೆ ಇಂಗಿ ಖಾಲಿಯಾಗಿ ದನ ಮೇಯುತ್ತಿರುತ್ತವೆ. ಆದರೆ ಕೆಳಗಿನ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರು. ಚಿಕ್ಕಪ್ಪ ಒಮ್ಮೆ "ಸುಮ್ಮನೆ ಜಾಗ ಹಾಳು" ಎಂದು ದಿಣ್ಣೆ ಕಡಿದು ಗೇರು ನೆಟ್ಟರು. ಎರಡೇ ಬೇಸಿಗೆಯಲ್ಲಿ ಬಾವಿ ತಳ ಕಂಡಿತು, ಅವರೇ ಮತ್ತೆ ದಿಣ್ಣೆ ಕಟ್ಟಿಸಿದರು. ಗೇರು ಮರ ನೀರಲ್ಲಿ ನಿಂತು ಸತ್ತಿತು.

ನಿವೃತ್ತ_ಓವರ್‌ಸಿಯರ್ · 3.20
ಮದಕದ ಮಾತು ಎತ್ತಿದ್ದು ಬಹಳ ಒಳ್ಳೆಯದಾಯಿತು. ಎತ್ತರ ಕಡಿಮೆ, ಗಾತ್ರ ಸಣ್ಣದು, ನೀರು ನೆಲದೊಳಗೆ ಹೋಗುವುದೇ ಗುರಿ. ಅಲ್ಲಿ ಸೂರ್ಯನ ಕೈಗೆ ಸಿಗುವ ಮೊದಲೇ ನೀರು ಅಡಗಿಬಿಡುತ್ತದೆ. ಬಯಲುಸೀಮೆಯಲ್ಲಿ ಇಂಗುಕೆರೆ ಎಂದು ಮಾಡುವುದೂ ಇದನ್ನೇ. ಆದರೆ ನಿಮ್ಮ ಮುರಕಲ್ಲಿನ ಗುಡ್ಡ ಸ್ಪಂಜಿನ ಹಾಗೆ. ಅಲ್ಲಿನ ಗಟ್ಟಿ ಬಂಡೆಯಲ್ಲಿ ಬಿರುಕು ಇದ್ದಲ್ಲಿ ಮಾತ್ರ ಇಂಗುತ್ತದೆ.

ಮೆಕೆಲೆ_ಮಂಗಳೂರು · 4.10
ಇಂಗುವ ಮಾತು ಬಂದದ್ದರಿಂದ ನನ್ನದೂ ಒಂದಿರಲಿ. ನಾನು ಇಥಿಯೋಪಿಯಾದ ಉತ್ತರಕ್ಕಿರುವ ಟಿಗ್ರೆ ಪ್ರಾಂತ್ಯದ ಮೆಕೆಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದ್ದೇನೆ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರ್ ಎತ್ತರದ ಊರು. ಮಂಗಳೂರಿನ ಸೆಕೆಯಲ್ಲಿ ಬೆಳೆದ ನಾನು ಮೊದಲ ಜನವರಿಯಲ್ಲಿ ಎರಡು ಕಂಬಳಿ ಹೊದ್ದೆ. ಮಳೆ ಚಿತ್ರದುರ್ಗದಷ್ಟೇ, ಆದರೆ ಅಷ್ಟೂ ಬಹುತೇಕ ಜುಲೈ–ಆಗಸ್ಟಿನಲ್ಲಿ ಸುರಿದು ಮುಗಿಯುತ್ತದೆ. 1984ರ ಭೀಕರ ಕ್ಷಾಮ ಕಂಡ ನೆಲ. ಹಾಗಾಗಿ ತೊಂಬತ್ತರ ದಶಕದಲ್ಲಿ ಹತ್ತು ವರ್ಷಕ್ಕೆ ಐನೂರು ಸಣ್ಣ ಮಣ್ಣಿನ ಅಣೆಕಟ್ಟು ಎಂಬ ದೊಡ್ಡ ಕಾರ್ಯಕ್ರಮ ಹಾಕಿಕೊಂಡರು. ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಕಟ್ಟಿದವುಗಳಲ್ಲೂ ಎರಡು ಕಾಯಿಲೆ. ಒಂದು, ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಸೋರುವುದು. ಇನ್ನೊಂದು, ಲೆಕ್ಕಕ್ಕಿಂತ ಬೇಗ ಹೂಳು ತುಂಬುವುದು, ಏಕೆಂದರೆ ಮೇಲಿನ ಗುಡ್ಡಗಳಲ್ಲಿ ಮರವಿಲ್ಲ.

ಸೋರಿದ್ದು ಪೂರ್ತಿ ನಷ್ಟವೂ ಆಗಲಿಲ್ಲ. ಏರಿಯ ಕೆಳಗೆ ಒಣಗಿದ್ದ ಒರತೆಗಳು ಮತ್ತೆ ಜಿನುಗಿದವು, ರೈತರು ಕಾಲುವೆಯ ನೀರಿಗೆ ಕಾಯುವುದನ್ನು ಬಿಟ್ಟು ಅಲ್ಲೇ ಗುಂಡಿ ತೋಡಿ ತರಕಾರಿ ಬೆಳೆದರು. ಎಂಜಿನಿಯರುಗಳ ಕಡತದಲ್ಲಿ ಅದು ವಿಫಲ ಅಣೆಕಟ್ಟು. ಅಲ್ಲಿ ಈರುಳ್ಳಿ ಬೆಳೆದವನನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು.

ಯಾರೂ ಎಣಿಸದೆ ಬಂದದ್ದು ಮಲೇರಿಯಾ. ಅಷ್ಟು ಎತ್ತರದಲ್ಲಿ ಸೊಳ್ಳೆಯ ಕಾಟ ಕಡಿಮೆ ಎಂಬ ನಂಬಿಕೆಯಿತ್ತು. ಅಣೆಕಟ್ಟಿನ ಹತ್ತಿರದ ಹಳ್ಳಿಗಳ ಮಕ್ಕಳನ್ನೂ ದೂರದ ಹಳ್ಳಿಗಳ ಮಕ್ಕಳನ್ನೂ ಹೋಲಿಸಿ ನೋಡಿದರೆ ಹತ್ತಿರದವರಲ್ಲಿ ಮಲೇರಿಯಾ ಏಳು ಪಟ್ಟು. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಆ ಅಧ್ಯಯನ ಮಾಡಿದ ತಂಡದ ಮೊದಲ ಹೆಸರು ನಿಮಗೆಲ್ಲ ಗೊತ್ತಿರುವವರದೇ: ಟೆಡ್ರೋಸ್, ಕೋವಿಡ್ ಕಾಲದಲ್ಲಿ ದಿನವೂ ಟಿವಿಯಲ್ಲಿ ಕಾಣುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು.

ಬಿಜೈ_ಅಕ್ಕ · 4.22
ಮಲೇರಿಯಾದ ವಿಷಯದಲ್ಲಿ ಮಂಗಳೂರಿನವರಿಗೆ ಪಾಠ ಹೇಳುತ್ತೀರಾ? ನಮಗೆ ಅಣೆಕಟ್ಟೂ ಬೇಕಿಲ್ಲ, ಕಟ್ಟಡ ಕಟ್ಟುವಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕಿ ಸಾಕು. ಆರೋಗ್ಯ ಇಲಾಖೆಯ ಕೆಲಸದಲ್ಲಿ ಎಷ್ಟು ತಾರಸಿ ಹತ್ತಿದ್ದೇನೋ ಲೆಕ್ಕವಿಲ್ಲ.

ಮೆಕೆಲೆ_ಮಂಗಳೂರು · 4.30
ಅಲ್ಲಿಯೂ ಹಾಗೆಯೇ ಅಕ್ಕ. ಸೊಳ್ಳೆ ಹೆಚ್ಚಾಗಿ ಹುಟ್ಟುತ್ತಿದ್ದದ್ದು ಕೆರೆಯ ತುಂಬು ನೀರಿನಲ್ಲಲ್ಲ, ಏರಿಯ ಬುಡದಲ್ಲಿ ಸೋರಿ ನಿಂತ ಸಣ್ಣ ಗುಂಡಿಗಳಲ್ಲಿ. ದನದ ಗೊರಸಿನ ಗುರುತಿನಲ್ಲೂ ಹುಳ ಇರುತ್ತಿತ್ತು.

ಮಲ್ಪೆ_ಗಾಳಿ · 4.41
ಅಷ್ಟು ದೂರ ಯಾಕೆ? ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಉಡುಪಿಯಲ್ಲಿ ಏಪ್ರಿಲ್ ಬಂದರೆ ಬಜೆ ಅಣೆಕಟ್ಟಿನಲ್ಲಿ ಎಷ್ಟು ನೀರಿದೆ ಎಂದು ಪತ್ರಿಕೆ ನೋಡುತ್ತೇವೆ. ನಾವು ಚಿತ್ರದುರ್ಗದವರಿಗೆ ಬುದ್ಧಿ ಹೇಳುತ್ತಿದ್ದೇವೆ!

ಅಡಿಕೆಮರ · 4.48
ಈ ದಿನ ಬಂದ ಅತ್ಯಂತ ಸತ್ಯವಾದ ಮಾತು.

ಹಿರಿಯೂರು_ಹುಡುಗಿ · 5.15
ಓವರ್‌ಸಿಯರ್ ಸರ್, ಒಂದು ಅನುಮಾನ. ಕೆಳಗೆ ಹಳೆಯ ಕೆರೆ ಇದ್ದರೆ ಅದರ ಹೂಳೆತ್ತಿಸಿದರೆ ಸಾಕಲ್ಲವೇ? ನಮ್ಮೂರಿನಲ್ಲಿ ಹಾಗೆ ಮಾಡಿದ್ದರು, ಆದರೆ ಆಮೇಲೆ ನೀರೇ ನಿಲ್ಲಲಿಲ್ಲ. ಕೆಲಸ ಮಾಡಿಸಿದವರನ್ನು ಇವತ್ತಿಗೂ ಬೈಯುತ್ತಾರೆ.

ನಿವೃತ್ತ_ಓವರ್‌ಸಿಯರ್ · 5.38
ಹೂಳಿನ ಜೊತೆ ತಳದ ಜೇಡಿಯನ್ನೂ ಕೆರೆದಿರುತ್ತಾರೆ. ನೂರಾರು ವರ್ಷ ಕೂತ ಸಣ್ಣ ಜೇಡಿಯೇ ಕೆರೆಯ ಹಾಸು. ಅದನ್ನು ತೂತು ಮಾಡಿ ಗರಸು ಕಾಣುವ ತನಕ ಅಗೆದರೆ ನೀರು ನಿಲ್ಲುವುದಿಲ್ಲ. ಮೇಲಿನ ಹೂಳನ್ನಷ್ಟೇ ತೆಗೆದು ಹೊಲಕ್ಕೆ ಹೊಡೆಯಬೇಕು, ಬೇಸಿಗೆಯಲ್ಲಿ ರೈತರು ತಾವೇ ಟ್ರ್ಯಾಕ್ಟರ್ ತಂದು ಒಯ್ಯುತ್ತಾರೆ.

ಚಿನ್ನದ_ನಾಡಿನವ · 5.50
ಇಲ್ಲಿ ನನ್ನ ತಕರಾರಿದೆ. ನೀರು ನಿಲ್ಲದಿದ್ದರೆ ಎಲ್ಲಿಗೆ ಹೋಯಿತು? ಬಾವಿಗೆ. ಈಗ ಅರ್ಧ ಕೆರೆಗಳ ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರುಣಿಸುವ ಜಮೀನಿನಲ್ಲಿ, ತೂಬಿನ (ಏರಿಯಲ್ಲಿ ನೀರು ಬಿಡುವ ಬಾಯಿಯ) ನೀರು ಕೇಳುವವರೇ ಇಲ್ಲ, ಎಲ್ಲರ ಹೊಲದಲ್ಲೂ ಕೊಳವೆಬಾವಿ. ಮಧ್ಯಾಹ್ನ ಮದಕ ಇಂಗಿದ್ದನ್ನು ಹೊಗಳಿದಿರಿ, ಸಂಜೆ ಕೆರೆ ಇಂಗಿದ್ದನ್ನು ಬೈಯುತ್ತಿದ್ದೀರಿ.

ನಿವೃತ್ತ_ಓವರ್‌ಸಿಯರ್ · 6.04
ಕೊಳವೆಬಾವಿ ಹಾಕಿಸಲು ಹಣವಿಲ್ಲದವನು ಇನ್ನೂ ತೂಬಿನ ಬಾಯನ್ನೇ ನೋಡುತ್ತಿರುತ್ತಾನೆ. ತೂಬಿನ ನೀರಾದರೆ ನೀರುಗಂಟಿ ಸರದಿಯಲ್ಲಿ ಎಲ್ಲರಿಗೂ ಬಿಡುತ್ತಿದ್ದ. ನೆಲದೊಳಗಿನ ನೀರಿಗೆ ಯಾವ ನೀರುಗಂಟಿ? ಹೆಚ್ಚು ಆಳ ಕೊರೆಸಿದವನಿಗೆ ಹೆಚ್ಚು. ಹೀಗಾಗಿ ನನ್ನ ತಕರಾರೂ ಉಳಿಯುತ್ತದೆ.

ಚಿನ್ನದ_ನಾಡಿನವ · 6.11
ನೀರುಗಂಟಿಯ ಹೆಸರು ತೆಗೆದು ಬಾಯಿ ಕಟ್ಟಿಬಿಟ್ಟಿರಿ. ನಮ್ಮ ತಾತನ ಕೆಲಸ ಅದೇ ಆಗಿತ್ತು. ಸ್ವಂತ ತಮ್ಮನ ಗದ್ದೆಗೂ ಸರದಿ ತಪ್ಪಿಸಿ ನೀರು ಬಿಟ್ಟವರಲ್ಲ. ಹತ್ತು ವರ್ಷ ಅಣ್ಣತಮ್ಮಂದಿರು ಮಾತಾಡಲಿಲ್ಲ.

ಕಡಿಯಾಳಿ_ಭಾವ · ಮುಂದಿನ ಶನಿವಾರ, ರಾತ್ರಿ 9.15
ಹೊಸದುರ್ಗಕ್ಕೆ ಹೋಗಿ ಇಂದು ಬೆಳಿಗ್ಗೆ ಬಂದೆ. ವರದಿ ಒಪ್ಪಿಸುತ್ತೇನೆ.

ಕೋಲಾರದವರು ಹೇಳಿದ ಹಾಗೆ ಹಳ್ಳ ಹಿಡಿದು ನಡೆದೆ. ಒಂದೂವರೆ ಕಿಲೋಮೀಟರ್ ಕೆಳಗೆ ಕೆರೆ ಇದೆ! ಇದ್ದದ್ದು ನನ್ನ ಹೆಂಡತಿಗೂ ಗೊತ್ತಿತ್ತು, ಚಿಕ್ಕಂದಿನಲ್ಲಿ ಅಲ್ಲಿ ಈಜಿದ್ದಾಳಂತೆ. "ನೀವು ಕೇಳಲಿಲ್ಲ" ಎಂದಳು. ಏರಿ ಗಟ್ಟಿಯಾಗಿಯೇ ಕಾಣುತ್ತದೆ, ಒಳಬದಿಯ ಕಲ್ಲು ಹೊದಿಕೆ ಅಲ್ಲಲ್ಲಿ ಜಾರಿದೆ, ಮೇಲೆಲ್ಲ ಬಳ್ಳಾರಿ ಜಾಲಿ. ತೂಬು ಮುರಿದು ಗೋಣಿಚೀಲ ತುರುಕಿದ್ದಾರೆ. ಅಂಗಳದ ತುಂಬ ಹೂಳು. ಅಚ್ಚುಕಟ್ಟು ಇಪ್ಪತ್ತು ಮೂವತ್ತು ಎಕರೆ ಇರಬಹುದು, ಅದರಲ್ಲಿ ಭಾವಮೈದುನರದ್ದೇ ಎರಡು ಎಕರೆ ಇದೆ. ಅದನ್ನು ಅವರು ಇಷ್ಟು ದಿನ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪಹಣಿ ನೋಡಿದೆವು. ಹಳ್ಳ ಬಿ ಖರಾಬು. ಪಂಡಿತರಿಗೆ ನಮಸ್ಕಾರ.

ಓವರ್‌ಸಿಯರ್ ಅವರ ಲೆಕ್ಕವನ್ನು ಊಟದ ಹೊತ್ತಿಗೆ ಓದಿ ಹೇಳಿದೆ. ಚಿಕ್ಕವನು ಒಪ್ಪಿದ. ದೊಡ್ಡವನು "ಭಾವ ಹಣ ಉಳಿಸಿಕೊಳ್ಳಲು ಇಂಟರ್ನೆಟ್ಟಿನಿಂದ ಶಾಸ್ತ್ರ ತಂದಿದ್ದಾರೆ" ಎಂದು ಎದ್ದುಹೋದ. ಬರುವಾಗ ಬಸ್ಸಿಗೆ ಬಿಡಲು ಬಂದದ್ದು ಚಿಕ್ಕವನೊಬ್ಬನೇ. ಅಚ್ಚುಕಟ್ಟಿನ ಎಂಟು ಮನೆಯವರು ಸೇರಿ ಪಂಚಾಯಿತಿಗೆ ಅರ್ಜಿ ಕೊಡುವುದೆಂದು ಆಗಿದೆ. ಹಳ್ಳಕ್ಕೆ ಮೇಲೆ ಸಣ್ಣ ಕಲ್ಲು ತಡೆಗಳನ್ನಷ್ಟೇ ಹಾಕಿ ಮಣ್ಣು ಹಿಡಿಯುವುದು. ನಾನು ತೂಬಿನ ಖರ್ಚಿಗೆ ಒಂದು ಲಕ್ಷ ಕೊಡುತ್ತೇನೆ ಎಂದಿದ್ದೇನೆ.

ಪಹಣಿ_ಪಂಡಿತ · 9.28
40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿ ಕಡೆಗೇ ಬರುತ್ತದೆ, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಸರಿಯಾದ ಬಾಗಿಲನ್ನೇ ತಟ್ಟಿದ್ದೀರಿ. ಕೆರೆಯ ಗಡಿ ಅಳತೆ ಮಾಡಿಸಿ ಎಂದೂ ಅದೇ ಅರ್ಜಿಯಲ್ಲಿ ಬರೆಯಿರಿ, ಅಂಗಳದಲ್ಲಿ ಯಾರಾದರೂ ಉಳುತ್ತಿದ್ದರೆ ಈಗಲೇ ಗೊತ್ತಾಗಲಿ.

ಹಿರಿಯೂರು_ಹುಡುಗಿ · 9.33
ಧನ್ಯವಾದ ಭಾವನವರೇ. ಕೋಡಿ ಬಿದ್ದ ದಿನ ನಮಗೂ ಹೇಳಿ ಕಳಿಸಿ, ನೀರು ಎಷ್ಟು ದಿನಕ್ಕೆ ನಮ್ಮೂರಿಗೆ ಬರುತ್ತದೆ ನೋಡೋಣ.

ನಿವೃತ್ತ_ಓವರ್‌ಸಿಯರ್ · 9.50
ಜಾಲಿಯನ್ನು ಜೆಸಿಬಿಯಿಂದ ಕೀಳಿಸಬೇಡಿ, ಬೇರಿನ ಜೊತೆ ಏರಿಯೂ ಬರುತ್ತದೆ. ಬುಡಕ್ಕೆ ಕಡಿಸಿ, ಸಣ್ಣವನ್ನು ಮಾತ್ರ ಕೀಳಿಸಿ ಆ ಗುಂಡಿಗೆ ಕೂಡಲೇ ಮಣ್ಣು ತುಂಬಿ ದಮ್ಮಸು ಮಾಡಿಸಿ. ಏರಿಯ ಹೊರಬದಿಯ ಬುಡದಲ್ಲಿ ಏಡಿ, ಹೆಗ್ಗಣದ ಬಿಲ ಇವೆಯೇ ನೋಡಿದಿರಾ? ಕೆರೆ ತುಂಬಿದಾಗ ಅಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಸುಮ್ಮನಿರಿ, ಕೆಂಪಾಗಿದ್ದರೆ ಮಣ್ಣು ಒಳಗಿನಿಂದ ಹೋಗುತ್ತಿದೆ ಎಂದರ್ಥ, ಅವತ್ತೇ ಫೋನ್ ಮಾಡಿಸಿ. ಕೋಡಿಯ ಉದ್ದ ಎಷ್ಟಿತ್ತು?

ಕಡಿಯಾಳಿ_ಭಾವ · 9.56
ಬಿಲ ನೋಡಲಿಲ್ಲ. ಕೋಡಿ ಹದಿನೆಂಟು ಹೆಜ್ಜೆ.

ನಿವೃತ್ತ_ಓವರ್‌ಸಿಯರ್ · 9.58
ಯಾರ ಹೆಜ್ಜೆ? ಚಿಕ್ಕವನಿಗೆ ಟೇಪು ಕೊಟ್ಟು ನಾಳೆಯೇ ಕಳಿಸಿ.